ಚಿಲಕವಿಲ್ಲದ ಮಡಿ ಅಡುಗೆಮನೆ

ನಮ್ಮವರಿಗೆ ಒಂದು ಕಡೆ ಕೂತುಕೊಳ್ಳಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನಿದನ್ನು ಚುರುಕುತನವೆಂದು ತಿಳಿದಿದ್ದೆ. ಈಗ ಗೊತ್ತು, ಇದೊಂದು ಕಾಯಿಲೆ. ಊಟಕ್ಕೆ ಎಲೆಯ ಮುಂದೆ ಕೂತವರು ಅನ್ನ ಬೀಳುವುದರೊಳಗೆ ಎದ್ದು ಹೋಗಿ ಗ್ಯಾಸ್ ಸಿಲಿಂಡರಿನ ಟ್ಯೂಬು ಮೂಸಿ ಬರುತ್ತಾರೆ. ಟಿ. ನಗರದ ಸೀರೆ ಅಂಗಡಿಗೆ ಹೋದರೆ ನಾನು ಸೀರೆ ನೋಡುತ್ತೇನೆ, ಇವರು ಹಿಂದುಗಡೆ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದಾರೋ ಇಲ್ಲವೋ ನೋಡುತ್ತಾರೆ. ಬೀಗ ಇದ್ದರೆ ಆ ಅಂಗಡಿಯಲ್ಲಿ ನನಗೆ ಸೀರೆ ಇಲ್ಲ. ಹಾಗೆ ಕೈತಪ್ಪಿದ ಸೀರೆಗಳನ್ನೆಲ್ಲ ಕೊಂಡಿದ್ದರೆ ಇನ್ನೊಂದು ಬೀರು ಬೇಕಾಗುತ್ತಿತ್ತು.

ಇವರ ಹೆಸರು ಬದರಿನಾಥ. ಮದ್ರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆತನದಲ್ಲಿ ಮೂರನೆಯ ತಲೆಮಾರು. ನಾವಿರುವುದು ವೆಸ್ಟ್ ಮಾಂಬಲಂನಲ್ಲಿ, ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು, ಜಗಳಕ್ಕೆ ಮೂರೂ.

ಕ್ರೋಂಪೇಟೆಯ ಆಚೆ ರಬ್ಬರಿನ ಸಾಮಾನು ಮಾಡುವ ಒಂದು ಕಾರ್ಖಾನೆಯಲ್ಲಿ ಇವರು ಸೇಫ್ಟಿ ಆಫೀಸರಾಗಿದ್ದರು. ಕೆಲಸದ ಜಾಗದಲ್ಲಿ ಎಲ್ಲಿ ಏನು ಅಪಾಯವಿದೆ ಎಂದು ಅದು ಆಗುವ ಮುಂಚೆಯೇ ಹುಡುಕುವುದು, ಹುಡುಕಿದ ಮೇಲೆ ಅದನ್ನು ಅಡಗಿಸುವುದು, ಇಷ್ಟೇ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಬ್ಬರು ಅರೆಯುವ ಉರುಳೆಗಳಿಗೆ ಕೈ ಹೋಗದಂತೆ ಅಡ್ಡ ಜಾಲರಿ ಹಾಕಿಸಿದ್ದರು. ಹಾಕಿಸಿಯಾಯಿತು ಎಂದು ನೆಮ್ಮದಿಯಾಗಿದ್ದರು. ಒಬ್ಬ ಕೆಲಸಗಾರ ಉರುಳೆ ಒರೆಸಲೆಂದು ಜಾಲರಿ ಬಿಚ್ಚಿದವನು ಮತ್ತೆ ಹಾಕಲು ಮರೆತ. ಬಲಗೈಯ ಬೆರಳುಗಳು ಹೋದವು. ಅಂದಿನಿಂದ ಇವರಿಗೆ ಹಾಕಿಸಿದ್ದು ಹಾಕಿದ ಹಾಗೇ ಇದೆಯೇ ಎಂದು ನೋಡದೆ ಮನಸ್ಸು ನಿಲ್ಲದು. ಇವರ ಕಾಲು ನಿಲ್ಲದೆ ಹೋದದ್ದೂ ಆಗಲೇ ಎಂದು ನನ್ನ ಲೆಕ್ಕ.

ಆ ಕೆಲಸಕ್ಕೆ ಒಂದು ಕ್ರಮವಿದೆಯಂತೆ. ನನಗೆ ಅದು ತಾಳಿ ಕಟ್ಟಿಸಿಕೊಂಡ ವರ್ಷವೇ ಬಾಯಿಪಾಠವಾಯಿತು. ಮೊದಲು ಅಪಾಯವನ್ನೇ ತೆಗೆದುಹಾಕಬೇಕು. ಆಗದಿದ್ದರೆ ಅದರ ಬದಲು ಇನ್ನೊಂದನ್ನು ತರಬೇಕು. ಅದೂ ಆಗದಿದ್ದರೆ ಮನುಷ್ಯನಿಗೂ ಅದಕ್ಕೂ ನಡುವೆ ತಡೆ ಹಾಕಬೇಕು. ಜೋಪಾನ ಎಂದು ಹೇಳುವುದು ಆಮೇಲಿನ ಮಾತು, ಏಕೆಂದರೆ ಮನುಷ್ಯ ಮರೆಯುತ್ತಾನೆ. ಕೈಗವಸು, ಟೋಪಿ ಎಲ್ಲಕ್ಕಿಂತ ಕೊನೆಗೆ. ಒಮ್ಮೆ ನಾನು ಬಚ್ಚಲಲ್ಲಿ ಜಾರಿ ಬಿದ್ದಾಗ ಬೇರೆ ಗಂಡಸರಾಗಿದ್ದರೆ ನೋಡಿಕೊಂಡು ನಡೆಯಬಾರದೇ ಎಂದು ಗದರಿಸುತ್ತಿದ್ದರು. ಇವರು ಒಂದು ಮಾತೂ ಆಡದೆ ಬಚ್ಚಲಿನ ನೆಲವನ್ನೇ ಅಗೆಸಿ ಒರಟು ಕಲ್ಲು ಹಾಕಿಸಿದರು. ಅಷ್ಟು ದಿನ ನಾವೆಲ್ಲ ಪಕ್ಕದ ಮನೆಯಲ್ಲಿ ಸ್ನಾನ ಮಾಡಿದೆವು. ಬೈಯಬೇಕೋ ಮೆಚ್ಚಬೇಕೋ ನನಗೆ ಇವತ್ತಿಗೂ ತಿಳಿಯದು.

ನಿವೃತ್ತಿಯಾದ ಮೇಲೆ ಕಾರ್ಖಾನೆ ಹೋಯಿತು, ಕಾಯಿಲೆ ಉಳಿಯಿತು. ಇಸ್ತ್ರಿ ಗಾಡಿಯವನ ಕೆಂಡದ ಬುಟ್ಟಿ, ಎದುರು ಮನೆಗೆ ಬಣ್ಣ ಹೊಡೆಯುವವನ ಏಣಿ, ಲಿಫ್ಟಿನ ಕೆಳಗೆ ನಿಂತ ನೀರು, ಎಲ್ಲದರ ಮುಂದೆಯೂ ಇವರು. ಅಪಾರ್ಟ್‌ಮೆಂಟಿನವರು ಇವರನ್ನು ದೂರದಲ್ಲಿ ಕಂಡರೆ ಫೋನು ಕಿವಿಗೆ ಹಚ್ಚಿಕೊಳ್ಳುವುದನ್ನು ಕಲಿತರು. ಹೀಗಿರುವಾಗ ಇವರ ಕಣ್ಣು ಸ್ವಂತ ತಮ್ಮನ ಅಡುಗೆಮನೆಯ ಮೇಲೆ ಬಿತ್ತು.

ನನ್ನ ಮೈದುನ ಗುರುಚರಣ ಮಡಿ ಅಡುಗೆಯವನು. ನಮ್ಮ ಮಾಧ್ವರ ಮನೆಗಳ ಶ್ರಾದ್ಧ, ಮುಂಜಿ, ಆರಾಧನೆ ಯಾವುದೇ ಇರಲಿ, ಮಾಂಬಲಂನಲ್ಲಿ ಅವನ ಹುಳಿಯಿಲ್ಲದೆ ಎಲೆ ತುಂಬುವುದಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಒಲೆಯ ಮುಂದೆ ನಿಂತನೆಂದರೆ ದೇವರಿಗೆ ನೈವೇದ್ಯವಾಗುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಅವನಿಗೂ ಮೈಲಿಗೆ, ಮಾಡಿದ ಅಡುಗೆಗೂ ಮೈಲಿಗೆ. ಅದಕ್ಕೆ ಅವನು ಕಂಡುಕೊಂಡ ಉಪಾಯ, ತಾನು ಕಾಯಂ ಅಡುಗೆ ಮಾಡುವ ಛತ್ರದಲ್ಲಿ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಹಿತ್ತಲ ಬಾಗಿಲೊಂದಿತ್ತು, ಅದಕ್ಕೆ ಕೊಪ್ಪರಿಗೆಗಳನ್ನು ಒತ್ತಾಗಿ ಪೇರಿಸಿಟ್ಟಿದ್ದ.

ಯಾರದೋ ಮುಂಜಿಗೆ ಹೋದ ದಿನ ಇವರು ಆ ಚಿಲಕವನ್ನು ಕಂಡರು. ನೇರವಾಗಿ ಹೋಗಿ ಬಾಗಿಲು ಬಡಿದರು.

"ಗುರು, ಚಿಲಕ ತೆಗಿ."

"ನೀ ಪ್ಯಾಂಟ್ ಹಾಕ್ಕೊಂಡ್ ಬಂದಿದ್ದಿ ಅಣ್ಣ. ಒಳಗ್ ಬರ್ಬೇಡ."

"ಬರಲ್ಲ. ಚಿಲಕ ಮಾತ್ರ ತೆಗಿ. ಒಳಗ್ ಬೆಂಕಿ ಹತ್ತಿದ್ರೆ ನೀ ಬಾಗ್ಲು ದಾಟಿ ಹೆಂಗೋ ವೆಳಿಯೆ ಬರ್ತಿ?"

"ಇಷ್ಟ್ ವರ್ಷ ಹತ್ಲಿಲ್ಲ, ಇವತ್ ಹತ್ತತ್ತಾ? ಚಿಲಕ ತೆಗ್ದ್ರೆ ಕಾಪಿ ಬೇಕು ಅಂತ ಊರೆಲ್ಲ ನುಗ್ಗತ್ತೆ. ಒಬ್ರು ಮುಟ್ಟಿದ್ರೂ ಅಷ್ಟೂ ಅಡಿಗೆ ವೇಸ್ಟ್. ಸುಮ್ಮಾ ಹೋಗಣ್ಣ."

ಇವರು ಸುಮ್ಮನೆ ಹೋಗುವವರೇ? ಸುತ್ತಿ ಬಂದು ಕಿಟಕಿಯಲ್ಲಿ ಇಣುಕಿದರು. ಅಲ್ಲಿ ಕಂಡದ್ದು ಚಿಲಕಕ್ಕಿಂತ ಕೆಟ್ಟದ್ದು. ಒಲೆಯ ಪಕ್ಕದಲ್ಲೇ ಸಿಲಿಂಡರು, ಅದರ ಮುಂದೆ ತಮ್ಮ, ತಮ್ಮನ ಸೊಂಟದಲ್ಲಿ ಮಿರಮಿರ ಮಿಂಚುವ ಪಂಚೆ. ಪಂಚೆಯ ನಿರಿಗೆ ಒಲೆಯ ಉರಿಯ ಕಡೆಗೆ ವಾಲಿಕೊಂಡಿತ್ತು. ಅವತ್ತು ಇವರು ಹೋಳಿಗೆಯನ್ನು ಮುಟ್ಟಲಿಲ್ಲ. ಮನೆಗೆ ಬಂದು ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ನನಗೆ ನೋಡಿ ನೋಡಿ ಕತ್ತು ನೋವು ಬಂತು.

"ಅವನು ಸಾಯ್ತಾನೆ ವೃಂದಾ," ಎಂದರು. "ಆ ಬಟ್ಟೆಗೆ ಒಂದ್ ಕಿಡಿ ಸಾಕು."

ಇವರು ಹೆದರಿಸುವುದು ನನಗೆ ಹೊಸದಲ್ಲ. ಆದರೆ ಅಂದು ಇವರ ದನಿ ನಡುಗಿತು. ಅದು ಹೊಸದು.

ಗುರುಚರಣ ಪ್ರತಿ ಭಾನುವಾರ ತಾಯಿಯನ್ನು ನೋಡಲು ಬರುತ್ತಾನೆ. ನಮ್ಮತ್ತೆ ಗೋದಾಬಾಯಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ಮಡಿಯ ವಿಷಯಕ್ಕೆ ಅವರೇ ಹೈಕೋರ್ಟು. ಮಡಿಯಲ್ಲಿದ್ದಾಗ ನೆರಳು ಬಿದ್ದರೂ ಸಾಕು, "ಮುಟ್ಟಬೇಡ" ಎಂಬ ಕೂಗು ಬೀದಿ ತುದಿಗೆ ಕೇಳಿಸುತ್ತದೆ. ಈ ಇಬ್ಬರು ಗಂಡುಮಕ್ಕಳು ಅಮ್ಮಾ ಎನ್ನುವುದಕ್ಕಿಂತ ಮೊದಲು ಆ ಕೂಗಿಗೆ ನಿಂತಲ್ಲೇ ನಿಲ್ಲುವುದನ್ನು ಕಲಿತಿರಬೇಕು ಎಂದು ನಾನು ತಮಾಷೆ ಮಾಡುವುದುಂಟು.

ಆ ಭಾನುವಾರ ಇವರು ತಮ್ಮನ ಚೀಲದಿಂದ ಮಡಿ ಪಂಚೆ ಎಳೆದು, ಅಂಚಿನಿಂದ ಒಂದು ಎಳೆ ಕಿತ್ತು, ಬಾಲ್ಕನಿಯಲ್ಲಿ ಬೆಂಕಿಕಡ್ಡಿ ಗೀರಿದರು. ಎಳೆ ಸುರುಟಿಕೊಂಡು ಕರಗಿತು. ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡು ನಿಂತಿತು. ಆರಿದ ಮೇಲೆ ಅದನ್ನು ತಾಯಿಯ ಅಂಗೈಯಲ್ಲಿಟ್ಟರು.

ಅತ್ತೆ ಅದನ್ನು ಉಗುರಿನಿಂದ ಒತ್ತಿ ನೋಡಿದರು. "ರೇಷ್ಮೆ ಸುಟ್ರೆ ಕೂದ್ಲು ಸುಟ್ಟ ವಾಸ್ನೆ ಬರತ್ತೆ, ಮುಟ್ಟಿದ್ರೆ ಪುಡಿ ಆಗತ್ತೆ. ಇದ್ಯಾವ್ದೋ ಇದು, ಕಲ್ಲಿನ ಹಂಗಿದೆ?"

"ಪ್ಲಾಸ್ಟಿಕ್ ಅಮ್ಮ. ಬೆಂಕಿ ಹತ್ತಿದ್ರೆ ಹಿಂಗೆ ಕರಗಿ ಮೈಗೆ ಅಂಟ್ಕೊಳ್ಳತ್ತೆ. ಬಟ್ಟೆ ಎಳುದ್ರೆ ಚರ್ಮ ಬರತ್ತೆ."

ಇವರು ಅಪಾಯದ ಮಾತಾಡಿದರು. ಅತ್ತೆಯ ಕಿವಿಗೆ ಬಿದ್ದದ್ದು ಬೇರೆ. "ಗುರು, ಪ್ಲಾಸ್ಟಿಕ್ ಉಟ್ಕೊಂಡು ರಾಯರಿಗೆ ಅಡಿಗೆ ಮಾಡಿದ್ಯೇನೋ ಇಷ್ಟ್ ದಿನ?"

ಗುರುಚರಣನ ಮುಖ ಬಾಡಿತು. "ಅಂಗಡಿಯವ್ನು ಪಟ್ಟು, ಅಸಲಿ ರೇಷ್ಮೆ ಅಂತಲೇ ಕೊಟ್ಟ ಅಮ್ಮ. ನಾ ಏನ್ ಮಾಡ್ಲಿ? ಮುಂಚೆ ಹತ್ತಿ ಪಂಚೆನೇ ಒಗ್ದು ಒಣಗಿಸ್ತಿದ್ದೆ. ಈಗಿನ ಬಿಲ್ಡಿಂಗ್‌ನಲ್ಲಿ ಟೆರೇಸಿಗ್ ಬೀಗ, ಹಗ್ಗ ಕಟ್ಟಂಗಿಲ್ಲ. ಬಾಲ್ಕನಿಲಿ ಹಾಕಿದ್ರೆ ಮೇಲ್ಮನೆಯವ್ರ ಬಟ್ಟೆ ನೀರು ತೊಟ್ಟಿಕ್ಕತ್ತೆ. ರೇಷ್ಮೆ ಆದ್ರೆ ದಿನಾ ಒಗಿಯೋದ್ ಬೇಡ ಅಂತ ಇದನ್ನ ತಗೊಂಡೆ."

ನಮ್ಮವರು ನಡೆಯುವುದನ್ನು ನಿಲ್ಲಿಸಿದರು. ಇವರ ಕಣ್ಣು ಹೊಳೆಯಿತು. ಆ ಹೊಳಪು ನನಗೆ ಗೊತ್ತು. "ಅಂದ್ರೆ ಅಪಾಯ ಇರೋದು ಪಂಚೇಲಲ್ಲ," ಎಂದರು, "ಒಣಗಿಸೋಕ್ ಜಾಗ ಇಲ್ವಲ್ಲ, ಅಲ್ಲಿದೆ."

ಮರುದಿನವೇ ನಮ್ಮ ಹಾಲಿನ ಸೂರಿನಿಂದ ಹಗ್ಗದಲ್ಲಿ ಒಂದು ಬಿದಿರಿನ ಗಳ ಇಳಿಬಿದ್ದಿತು. ಅಂದಿನಿಂದ ಗುರುಚರಣನ ಹತ್ತಿ ಪಂಚೆಗಳು ನನ್ನ ಟಿ.ವಿ.ಯ ಮುಂದೆ ಒಣಗುತ್ತವೆ. ಬೆಳಿಗ್ಗೆ ಅವನು ಬಂದು ಮಡಿಕೋಲಿನಲ್ಲಿ ಎತ್ತಿಕೊಂಡು ಹೋಗುತ್ತಾನೆ. ಮನೆಗೆ ಬಂದ ನೆಂಟರು ತಲೆ ಬಗ್ಗಿಸಿ ಸೋಫಾ ಸೇರಬೇಕು. ಮುಖ್ಯವಾದ ದೃಶ್ಯಗಳಲ್ಲಿ ನನಗೆ ಬರೀ ನಟರ ಕಾಲು ಕಾಣುತ್ತದೆ. ಎರಡು ದಿನ ನಾನು ಇವರ ಜೊತೆ ಮಾತು ಬಿಟ್ಟೆ. ಇವರಿಗೆ ಅದು ಗೊತ್ತೇ ಆಗಲಿಲ್ಲ, ಗಳದ ಗಂಟು ಗಟ್ಟಿಯಿದೆಯೇ ಎಂದು ನೋಡುವುದರಲ್ಲಿದ್ದರು.

ಚಿಲಕದ ತೀರ್ಪನ್ನೂ ಹೈಕೋರ್ಟಿನಿಂದಲೇ ತಂದರು. "ಒಂದ್ ರಂಗೋಲಿ ಗೆರೆ ಎಳದ್ರೆ ಸಾಕು," ಎಂದರು ಅತ್ತೆ. "ನಮ್ಮತ್ತೆ ಕಾಲದಲ್ಲಿ ಅಡಿಗೆಮನೆಗೆ ಬಾಗ್ಲೇ ಇರ್ಲಿಲ್ಲ. ಮರ್ಯಾದೆ ಇರೋರು ಗೆರೆ ದಾಟಲ್ಲ." ಗುರುಚರಣ ಗೊಣಗುತ್ತ ಒಪ್ಪಿದ. ಇವರು ಚಿಲಕ ಬಿಚ್ಚಿಸಿ ಜೇಬಿಗೆ ಹಾಕಿಕೊಂಡರು, ಅಲ್ಲೇ ಬಿಟ್ಟರೆ ಯಾರಾದರೂ ಮತ್ತೆ ಹಾಕಿಬಿಡುತ್ತಾರೆಂದು. ಛತ್ರದವರ ಬೆನ್ನು ಬಿದ್ದು ಸಿಲಿಂಡರುಗಳನ್ನು ಗೋಡೆಯ ಆಚೆಗೆ ಹಾಕಿಸಿದರು. ಕೊಪ್ಪರಿಗೆಗಳು ಹಿತ್ತಲ ಬಾಗಿಲು ಬಿಟ್ಟು ಸರಿದವು.

ಉಳಿದದ್ದು ಒಂದೇ. "ಒಂದ್ ಸಲ ಪ್ರಾಕ್ಟೀಸ್ ಮಾಡೋಣ ಗುರು," ಎಂದರು ಇವರು. "ಬೆಂಕಿ ಹತ್ತಿದೆ ಅಂದ್ಕೋ. ನಾ ಒದ್ದೆ ಗೋಣಿ ತಂದು ನಿಂಗೆ ಸುತ್ತುತ್ತೀನಿ."

ಗುರುಚರಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಡೀಲಿ ನೀ ನನ್ನ ಮುಟ್ಟಿದ್ರೆ ಮತ್ತೆ ಸ್ನಾನ ಮಾಡೋರ್ ಯಾರು? ನೆಜಮಾ ಹತ್ತಿದಾಗ ಮುಟ್ಟೀಯಂತೆ ಬಿಡು."

ಅತ್ತೆಯೂ ನಕ್ಕರು. ನಾನೂ ನಕ್ಕೆ. ಕಾರ್ಖಾನೆಯಲ್ಲಿ ಅಣಕು ಬೆಂಕಿಗೆ ನೂರಾರು ಜನರನ್ನು ಓಡಿಸಿದ ಮನುಷ್ಯ ಇಲ್ಲಿ ತಾನೂ ನಕ್ಕು ಸುಮ್ಮನಾದರು.

ರಾಯರ ಆರಾಧನೆ ಬಂತು. ಛತ್ರದ ಮಹಡಿಯಲ್ಲಿ ಪೂಜೆ, ಕೆಳಗೆ ಊಟ. ಅಡುಗೆಮನೆಯ ಬಾಗಿಲು ಹಾರು ಹೊಡೆದಿತ್ತು, ಹೊಸ್ತಿಲಿಗೆ ಬೆಳ್ಳನೆಯ ರಂಗೋಲಿ ಗೆರೆ. ಗೆರೆಯ ಈಚೆ ಕುರ್ಚಿ ಹಾಕಿಕೊಂಡು ನಮ್ಮವರು, ಪಕ್ಕದಲ್ಲಿ ನೀರಿನ ಬಕೆಟ್ಟು, ಅದರಲ್ಲಿ ಗೋಣಿಚೀಲ. ಕುರ್ಚಿ ಇದ್ದದ್ದು ಹೆಸರಿಗೆ. ಕೂರುವುದು, ಏಳುವುದು, ಚೀಲ ಪೂರ್ತಿ ನೆನೆದಿದೆಯೇ ಎಂದು ಮುಳುಗಿಸುವುದು, ಮತ್ತೆ ಕೂರುವುದು. ನಾನು ಅಲ್ಲೇ ನೆಲದಲ್ಲಿ ಬಾಳೆಲೆ ಒರೆಸುತ್ತಿದ್ದೆ. "ಒಂದ್ ನಿಮಿಷ ಅಲ್ಲಾಡ್ದೆ ಕೂತ್ಕೊಳ್ರೀ, ನನ್ ತಲೆ ಸುತ್ತತ್ತೆ," ಎಂದೆ.

ಗುರುಚರಣನ ಜೊತೆಯ ಅಡುಗೆಯವನು ತಿರುಮಲೇಶ, ಅವನೂ ಮಡಿಯಲ್ಲಿದ್ದವನು, ಅನ್ನ ಹುಳಿ ಪಾಯಸಗಳನ್ನು ನೈವೇದ್ಯಕ್ಕೆಂದು ಮಹಡಿಗೆ ಒಯ್ದಿದ್ದ. ಒಳಗೆ ಗುರುಚರಣ ಒಬ್ಬನೇ. ಕೊನೆಯ ಕೊಪ್ಪರಿಗೆ ಸಾರಿಗೆ ಒಗ್ಗರಣೆ ಬಾಕಿಯಿತ್ತು. ತುಪ್ಪದ ಬಾಣಲೆ ಕಾಯ್ದಿತ್ತು. ಅದನ್ನು ಎತ್ತುವಾಗ ಒಂದು ಕಡೆಯ ಹಿಡಿ ಕೈಯಿಂದ ಜಾರಿತು. ತುಪ್ಪ ಒಲೆಯ ಮೇಲೆ ಚೆಲ್ಲಿತು, ಭಗ್ ಎಂದು ಉರಿ ಎದ್ದಿತು, ನಿರಿಗೆಗೆ ಹತ್ತಿತು.

ಇವರು ಕುರ್ಚಿಯಿಂದ ಚಿಮ್ಮಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಕಾಲು ಎತ್ತಿ ಗೆರೆಯ ಮೇಲೆ ಚಾಚಿಯೂ ಆಗಿತ್ತು.

"ಮುಟ್ಟಬೇಡ," ಎಂದು ಕೂಗಿದ ಗುರುಚರಣ. ತನ್ನ ಪಂಚೆ ಉರಿಯುತ್ತಿದೆ, ಕೈಯಿಂದ ಬಡಿದುಕೊಳ್ಳುತ್ತಿದ್ದಾನೆ, ಬಾಯಿ ಮಾತ್ರ ಅದನ್ನೇ ಕೂಗುತ್ತಿದೆ. "ಅಣ್ಣ, ನೈವೇದ್ಯ ಆಗಿಲ್ಲ, ಮುಟ್ಟಬೇಡ."

ಇವರು ನಿಂತುಬಿಟ್ಟರು.

ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ, ಗೆರೆಯ ಈಚೆಗೆ ನಿಂತರು. ಜೀವಮಾನವೆಲ್ಲ ಒಂದು ಕಡೆ ನಿಲ್ಲದ ಮನುಷ್ಯ. ನನಗೆ ಆಗ ಬಂದದ್ದು ಭಯವಲ್ಲ, ಕೋಪ. ಬಕೆಟ್ಟಿನಿಂದ ಗೋಣಿ ಎಳೆದುಕೊಂಡು ಇವರನ್ನು ಭುಜದಿಂದ ಒತ್ತರಿಸಿ ಒಳಗೆ ಹೋದೆ. ಮೈದುನನ ಸೊಂಟದಿಂದ ಕೆಳಗೆ ಗೋಣಿ ಸುತ್ತಿ ನೆಲಕ್ಕೆ ಕೆಡವಿದೆ. ಅವನು ಆಗಲೂ "ಮುಟ್ಟಬೇಡಿ ಅತ್ತಿಗೆ" ಎನ್ನುತ್ತಿದ್ದ. "ಬಾಯ್ಮುಚ್ಚೋ," ಎಂದೆ. ಮೈದುನನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಆಮೇಲೆ ಇವರಿಗೆ ಜೀವ ಬಂತು. ಹೊರಗೆ ಓಡಿ ಗ್ಯಾಸ್ ನಿಲ್ಲಿಸಿದರು, ಒಲೆಯ ಉರಿಗೆ ತಟ್ಟೆ ಮುಚ್ಚಿದರು, ತಮ್ಮನ ಪಂಚೆ ಬಿಚ್ಚಿ ಕಾಲನ್ನು ನಲ್ಲಿಯ ಕೆಳಗೆ ಹಿಡಿದರು. ಹತ್ತಿಯ ಬಟ್ಟೆ ಸುಲಭವಾಗಿ ಬಿಟ್ಟುಕೊಂಡು ಬಂತು. ಮೊಣಕಾಲಿನ ಕೆಳಗೆ ಬೊಬ್ಬೆ ಎದ್ದಿತ್ತು, ಚರ್ಮ ಇತ್ತು. ಅದೇ ಹಳೆಯ ಮಿಂಚುವ ಪಂಚೆಯಾಗಿದ್ದರೆ ಕಾಲು ಉಳಿಸುವುದೇ ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಬಾಗಿಲಿಗೆ ಚಿಲಕವಿದ್ದಿದ್ದರೆ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಗಲಾಟೆ ಕೇಳಿ ಜನ ಬಾಗಿಲಲ್ಲಿ ಸೇರಿದರು. ಮಹಡಿಯಿಂದ ಅತ್ತೆಯನ್ನು ಹಿಡಿದುಕೊಂಡು ಇಳಿಸಿದರು. ಯಾರೋ ಹಿರಿಯರು ಮೆಲ್ಲಗೆ ಕೇಳಿದರು: ಅಡುಗೆಯವನನ್ನು ಮುಟ್ಟಿಯಾಯಿತು, ಈ ಅಡುಗೆ ಈಗ ಏನಾಗಬೇಕು? ಎಲ್ಲರೂ ಹೈಕೋರ್ಟಿನ ಮುಖ ನೋಡಿದರು. ಅತ್ತೆ ಮಗನ ಕಾಲನ್ನು ನೋಡುತ್ತಿದ್ದರು. "ಬೆಂಕಿನೇ ಮುಟ್ಟಿದ್ಮೇಲೆ ಇನ್ಯಾವ ಮೈಲಿಗೆ," ಎಂದರು. "ಎಲೆ ಹಾಕಿ, ಜನ ಹಸಿದಿದಾರೆ."

ಗುರುಚರಣ ಎರಡು ದಿನ ಆಸ್ಪತ್ರೆಯಲ್ಲಿದ್ದು ನಮ್ಮಲ್ಲಿಗೇ ಬಂದ. ಕಾಲಿಗೆ ಕಟ್ಟು, ಬಾಯಿಗೆ ಏನೂ ಆಗಿರಲಿಲ್ಲ, ಸೋಫಾದಲ್ಲಿ ಮಲಗಿ ನನ್ನ ಸಾರಿಗೆ ಹೆಸರಿಡುತ್ತಿದ್ದ. ಕೆಟ್ಟುಹೋದವರು ನಮ್ಮವರು. ಇವರು ಕೂತುಬಿಟ್ಟಿದ್ದರು.

ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಗ್ಯಾಸ್ ಮೂಸಲಿಲ್ಲ. ಇಸ್ತ್ರಿಯವನು ಕೆಂಡ ಚೆಲ್ಲಿದ ಎಂದು ನಾನೇ ಹೋಗಿ ಹೇಳಿದೆ, ಹೂಂ ಎಂದರು. ಇಷ್ಟು ವರ್ಷ ಯಾವುದನ್ನು ಬೇಡಿಕೊಂಡಿದ್ದೆನೋ ಅದು ಸಿಕ್ಕಿತ್ತು, ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಈಗ ಆ ಗೋಡೆಯಿಂದ ಈ ಗೋಡೆಗೆ ನಡೆಯುವವಳು ನಾನಾದೆ. ಇವರ ಆ ನಡಿಗೆಯ ಸದ್ದಿಲ್ಲದೆ ನನಗೆ ಬದುಕಲು ಬರುವುದಿಲ್ಲ ಎಂದು ಆಗಲೇ ತಿಳಿದದ್ದು.

ಕೊನೆಗೊಂದು ಸಂಜೆ, ಯಾರೂ ಕೇಳದೆಯೇ ಇವರು ಬಾಯಿಬಿಟ್ಟರು. "ಬಾಗ್ಲು ನೋಡ್ದೆ, ಬಟ್ಟೆ ನೋಡ್ದೆ, ಗ್ಯಾಸ್ ನೋಡ್ದೆ. ನನ್ನೊಳಗೆ ಒಂದ್ ಚಿಲಕ ಇತ್ತು, ಅದನ್ನ ನೋಡ್ಲಿಲ್ಲ. ಅವ್ನು ಮುಟ್ಟಬೇಡ ಅಂದ. ನಾ ನಿಂತ್ಬಿಟ್ಟೆ. ನೀ ಇಲ್ದಿದ್ರೆ ನನ್ ತಮ್ಮ ನನ್ ಕಣ್ಮುಂದೆ ಸುಟ್ಟು ಹೋಗ್ತಿದ್ದ ವೃಂದಾ."

ನಾನು ಇವರ ಕೈ ಹಿಡಿದುಕೊಂಡು ಕೂತೆ. ಗುರುಚರಣ ಸೋಫಾದಲ್ಲಿ ಗೋಡೆಯ ಕಡೆ ಮಗ್ಗುಲಾದ. ಅತ್ತೆ ತಮ್ಮ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದರು. ಅವರಿಗೆ ಈಚೆಗೆ ಕಿವಿ ಮಂದ, ಕೇಳಿಸಿರಲಾರದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಮಡಿ ಸೀರೆಯುಟ್ಟು ಬಚ್ಚಲಿನಿಂದ ಬಂದವರು ಪೂಜೆಗೆ ಹೋಗಲಿಲ್ಲ. ಹಾಲಿನ ನಡುವೆ, ಒಣಗಿದ ಪಂಚೆಗಳ ಕೆಳಗೆ ಬಂದು ನಿಂತರು.

"ಬದರಿ, ಏಳು. ನನ್ ಸೆರಗಿಗೆ ಬೆಂಕಿ ಹತ್ತಿದೆ ಅಂದ್ಕೋ. ನಾ ಮುಟ್ಟಬೇಡ ಅಂತೀನಿ. ನೀ ಬಂದು ಮುಟ್ಟು."

ಇವರು ಕುರ್ಚಿಯಲ್ಲೇ ತಲೆಯೆತ್ತಿದರು. "ಬೇಡಮ್ಮ. ಮತ್ತೆ ಸ್ನಾನ ಮಾಡ್ಬೇಕಾಗತ್ತೆ ನೀನು."

"ಅದು ನನ್ ಪಾಡು. ಈ ಕೂಗು ನಿಂಗೆ ಕಲಿಸ್ದೋಳು ನಾನು. ಎದ್ದು ಬಾ."

ಇವರು ಎದ್ದು ಬಂದರು. ಅತ್ತೆ ಆ ಬೀದಿ ತುದಿಯ ದನಿಯಲ್ಲಿ "ಮುಟ್ಟಬೇಡ" ಎಂದು ಕೂಗಿದರು. ಇವರ ಕಾಲು ನಿಂತಿತು. ಅತ್ತೆ ಕಾದರು. ಮತ್ತೆ ಕೂಗಿದರು. ಮತ್ತೆ ನಿಂತಿತು. ಗುರುಚರಣ ಸೋಫಾದಲ್ಲಿ ಎದ್ದು ಕೂತು, "ಬಾ ಅಣ್ಣ, ನನ್ನನ್ನೇ ಅಂದ್ಕೊಂಡು ಬಾ," ಎಂದ. ಮೂರನೆಯ ಕೂಗಿಗೆ ಇವರು ಕಣ್ಣು ಮುಚ್ಚಿಕೊಂಡು ನುಗ್ಗಿದರು, ತಾಯಿಯ ಎರಡೂ ಭುಜ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. ಅತ್ತೆಯೂ ಬಿಡು ಎನ್ನಲಿಲ್ಲ. ಒದ್ದೆ ಕೂದಲಿನ ನೀರು ಇವರ ಅಂಗಿಯ ಮೇಲೆ ಇಳಿಯುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ನಾಳೆನೂ ಮಾಡ್ಬೇಕು," ಎಂದರು ಅತ್ತೆ. "ಒಂದೇ ಕೂಗಿಗೆ ಬರೋ ವರೆಗೂ. ಗುರು ಕಾಲು ವಾಸಿ ಆದ್ಮೇಲೆ ಅವ್ನಿಗೂ ಇದೆ." ಆಮೇಲೆ ನನ್ನ ಕಡೆ ತಿರುಗಿದರು. "ವೃಂದಾ, ಗೀಸರ್ ಹಾಕು. ಇನ್ನೊಂದ್ ಸಲ ಸ್ನಾನ."

ನಾನು ಸ್ವಿಚ್ಚು ಹಾಕಿದೆ. ಅತ್ತೆ ಟವೆಲು ಹುಡುಕುತ್ತಿದ್ದರು. ಅಷ್ಟರಲ್ಲಿ ನಮ್ಮವರು ಅವರಿಗಿಂತ ಮುಂಚೆ ಬಚ್ಚಲಿಗೆ ನುಗ್ಗಿ, ನಲ್ಲಿ ತಿರುಗಿಸಿ, ಬಕೆಟ್ಟು ಸರಿಸಿ, ನೆಲ ಜಾರುತ್ತಿದೆಯೇ ಎಂದು ಕಾಲಿನಲ್ಲಿ ಉಜ್ಜಿ ನೋಡುತ್ತಿದ್ದರು.

"ಸ್ವಿಚ್ ಆಫ್ ಮಾಡಿ ಆಮೇಲೆ ನೀರ್ ಮುಟ್ಟು ಅಮ್ಮ," ಎಂದರು ಒಳಗಿನಿಂದ. "ಚಿಲಕ ಹಾಕ್ಬೇಡ. ನಾ ಇಲ್ಲೇ ಹೊರಗಿರ್ತೀನಿ."